ತಿಂದದ್ದಲ್ಲ, ಮೈಗೆ ತಾಗಿದ್ದು

ಜುಲೈ ತಿಂಗಳ ಬೆಳಗು. ಹುಣಸೂರು, ಪಿರಿಯಾಪಟ್ಟಣದ ಕಡೆ ಸೋನೆ ಹಿಡಿದಿದೆ. ಹೊಗೆಸೊಪ್ಪಿನ ಸಾಲುಗಳ ನಡುವೆ ಹೆಂಗಸರು ಗಂಡಸರು ಬಾಗಿ, ಬುಡದ ಎಲೆಗಳನ್ನು ಒಂದೊಂದಾಗಿ ಮುರಿಯುತ್ತಿದ್ದಾರೆ. ಮೊರದಗಲದ ಎಲೆ, ಮುಟ್ಟಿದರೆ ಅಂಟು, ಮೇಲೆಲ್ಲ ಮಳೆಹನಿ. ಮುರಿದ ಎಲೆಯನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತ ಹೋಗಿ, ಹೊರೆ ಹಿಡಿಯಲಾರದಷ್ಟಾದಾಗ ಸಾಲಿನ ಕೊನೆಗೆ ಒಯ್ದು ರಾಶಿ ಹಾಕುತ್ತಾರೆ. ರವಿಕೆ, ಅಂಗಿ, ಲುಂಗಿ ಎಲ್ಲವೂ ತೊಯ್ದು ಮೈಗೆ ಅಂಟಿವೆ. ಅಂಗೈಗೆ ಕಪ್ಪು ಜಿಗುಟು ಹತ್ತಿದೆ.

ಮಧ್ಯಾಹ್ನದ ಹೊತ್ತಿಗೆ, ಆ ವರ್ಷ ಹೊಸದಾಗಿ ಕೆಲಸಕ್ಕೆ ಬಂದವರಲ್ಲಿ ಯಾರಿಗಾದರೂ ತಲೆ ಸುತ್ತುತ್ತದೆ. ಹೊಟ್ಟೆ ತೊಳಸಿ ಬದುವಿನ ಮೇಲೆ ಕೂತು ವಾಂತಿ ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಏನೂ ತಿನ್ನದೆ ಬಂದದ್ದಕ್ಕೆ ಹೀಗಾಯಿತು ಎನ್ನುತ್ತಾರೆ ಒಬ್ಬರು. ಪಿತ್ತ ಕೆದರಿದೆ ಎನ್ನುತ್ತಾರೆ ಇನ್ನೊಬ್ಬರು.

ಹಾಗೆ ಕೂತವರು ಬೀಡಿ ಸೇದಿರಬೇಕೆಂದಿಲ್ಲ, ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಜಗಿದಿರಬೇಕೆಂದೂ ಇಲ್ಲ. ಹಸಿ ಎಲೆಯ ನಿಕೋಟಿನ್ ಮಳೆನೀರಿನಲ್ಲಿ ಕರಗಿ, ಒದ್ದೆ ಬಟ್ಟೆಯಲ್ಲಿ ನೆಂದು, ಕಂಕುಳಿನ, ತೋಳಿನ, ಬೆನ್ನಿನ ಚರ್ಮದ ಮೂಲಕ ಅವರ ರಕ್ತಕ್ಕೆ ಇಳಿದಿರುತ್ತದೆ. ಹೊಗೆಸೊಪ್ಪಿನ ಎಲೆಯ ಮೇಲಿನ 100 ಮಿಲಿಲೀಟರ್ ಇಬ್ಬನಿಯಲ್ಲಿ 9 ಮಿಲಿಗ್ರಾಂವರೆಗೂ ನಿಕೋಟಿನ್ ಇರಬಹುದು. ದಿನವಿಡೀ ಒದ್ದೆ ಎಲೆಗಳ ನಡುವೆ ಕೆಲಸ ಮಾಡುವವರ ಮೈಮೇಲೆ ಎಷ್ಟು ನೂರು ಮಿಲಿಲೀಟರ್ ನೀರು ಹರಿದುಹೋಗುತ್ತದೆ ಎಂದು ಯೋಚಿಸಿ ನೋಡಿ.

ಇದಕ್ಕೆ ವೈದ್ಯಶಾಸ್ತ್ರದಲ್ಲಿ ಹಸಿ ಹೊಗೆಸೊಪ್ಪಿನ ಕಾಯಿಲೆ ಎಂದೇ ಹೆಸರು. 1970ರಲ್ಲಿ ಅಮೆರಿಕದ ಫ್ಲಾರಿಡಾದ ಕೂಲಿಯವರಲ್ಲಿ ಇದನ್ನು ಗುರುತಿಸಿ ದಾಖಲಿಸಿದರು. ನಮ್ಮಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಗುಜರಾತಿನ ಹೊಗೆಸೊಪ್ಪಿನ ಕೆಲಸಗಾರರಲ್ಲಿ ಇದನ್ನು ಅಭ್ಯಾಸ ಮಾಡಿದರು. ಬೀಡಿ ಸಿಗರೇಟು ಸೇದುವವರ ಮೈಗೆ ನಿಕೋಟಿನ್ ಒಗ್ಗಿಹೋಗಿರುವುದರಿಂದ ಅವರಿಗೆ ಅಷ್ಟಾಗಿ ತಟ್ಟುವುದಿಲ್ಲ. ನರಳುವವರು ಹೆಚ್ಚಾಗಿ ಸೇದದವರು. ಅಂದರೆ ನಮ್ಮ ಕಡೆ ಹೆಚ್ಚಾಗಿ ಹೆಂಗಸರು.

ಬಾಯಿಗೆ ಹಾಕಿಕೊಳ್ಳುವುದನ್ನು ನಾವು ಹತ್ತು ಸಲ ತೊಳೆಯುತ್ತೇವೆ. ಘಾಟು ಬಂದರೆ ಮೂಗಿಗೆ ಸೆರಗು ಅಡ್ಡ ಹಿಡಿಯುತ್ತೇವೆ. ಮೈಗೆ ತಾಗಿದ್ದನ್ನು ಮಾತ್ರ ಒರೆಸಿಕೊಂಡು ಮರೆತುಬಿಡುತ್ತೇವೆ. ಚರ್ಮ ಗೋಡೆ ಎಂಬ ನಂಬಿಕೆ ಅಷ್ಟು ಗಟ್ಟಿ.

ಇಟ್ಟಿಗೆ ಮತ್ತು ಗಾರೆ

ಆ ನಂಬಿಕೆ ಪೂರ್ತಿ ಸುಳ್ಳೇನಲ್ಲ. ವಯಸ್ಕರೊಬ್ಬರ ಚರ್ಮವನ್ನು ಹರವಿದರೆ ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತದೆ, ಹೆಚ್ಚುಕಡಿಮೆ ಒಬ್ಬರು ಮಲಗುವ ಚಾಪೆಯಷ್ಟು. ಹೊರಗಿನದನ್ನು ಹೊರಗೇ ತಡೆಯುವ ಕೆಲಸದ ಬಹುಪಾಲು ಮಾಡುವುದು ಅದರ ತೀರಾ ಮೇಲಿನ ಪದರ. ಅಂಗೈ ಅಂಗಾಲು ಬಿಟ್ಟರೆ ಉಳಿದೆಡೆ ಅದರ ದಪ್ಪ ಬರೀ 10ರಿಂದ 20 ಮೈಕ್ರೋಮೀಟರ್. ತಲೆಗೂದಲಿಗಿಂತ ತೆಳು.

ಈ ಪದರದಲ್ಲಿರುವುದು ಸತ್ತ ಕೋಶಗಳು. ಚಪ್ಪಟೆಯಾಗಿ, ಒಣಗಿ, ಹದಿನೈದಿಪ್ಪತ್ತು ಸಾಲುಗಳಾಗಿ ಒಂದರ ಮೇಲೊಂದು ಕೂತಿರುತ್ತವೆ. ನಡುವಿನ ಸಂದುಗಳಲ್ಲಿ ಮೇಣದಂಥ ಜಿಡ್ಡು ತುಂಬಿರುತ್ತದೆ. ಕೋಶಗಳು ಇಟ್ಟಿಗೆ, ಜಿಡ್ಡು ಗಾರೆ ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಈ ಗೋಡೆ ಇರುವುದರಿಂದಲೇ ನಾವು ಬಿಸಿಲಿಗೆ ಒಣಗಿ ಹೋಗುವುದಿಲ್ಲ, ಕೆರೆಯಲ್ಲಿ ಈಜಿದರೆ ಉಬ್ಬಿ ಹೋಗುವುದಿಲ್ಲ. ಸುಟ್ಟಗಾಯವಾದವರ ಮೈಯಿಂದ ನೀರು ಎಷ್ಟು ಬೇಗ ಹೋಗುತ್ತದೆಂದು ನೋಡಿದ ದಾದಿಯರಿಗೆ ಈ ತೆಳು ಪದರದ ಬೆಲೆ ಗೊತ್ತು.

ಒಳಗೆ ನುಗ್ಗುವ ರಾಸಾಯನಿಕ ಸಾಮಾನ್ಯವಾಗಿ ಇಟ್ಟಿಗೆಯನ್ನು ಕೊರೆಯುವುದಿಲ್ಲ. ಗಾರೆಯಲ್ಲಿ ಕರಗಿ, ಇಟ್ಟಿಗೆಗಳ ಸುತ್ತ ಬಳಸಿಕೊಂಡು ಇಳಿಯುತ್ತದೆ. ಕೂದಲಿನ ಬುಡ, ಬೆವರಿನ ರಂಧ್ರಗಳು ಒಳದಾರಿಗಳು. ಅವುಗಳ ಒಟ್ಟು ಜಾಗ ಚರ್ಮದಲ್ಲಿ ತೀರಾ ಕಡಿಮೆ. ಸತ್ತ ಪದರ ದಾಟಿದರೆ ಜೀವಂತ ಕೋಶಗಳು, ಅವುಗಳ ಕೆಳಗೆ ಜಾಲದಂತೆ ಹರಡಿದ ಸಣ್ಣ ರಕ್ತನಾಳಗಳು. ಅಲ್ಲಿಗೆ ಪ್ರಯಾಣ ಮುಗಿಯಿತು.

ಇಲ್ಲೊಂದು ವ್ಯತ್ಯಾಸವಿದೆ, ಇದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಿಂದದ್ದು ಕರುಳಿನಿಂದ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಎಷ್ಟೋ ವಿಷದ ಒಂದು ಪಾಲು ಮುರಿದುಬೀಳುತ್ತದೆ. ಚರ್ಮದಿಂದ ಇಳಿದದ್ದಕ್ಕೆ ಆ ತಪಾಸಣೆ ಮೊದಲಿಗೆ ಇಲ್ಲ. ಅದು ನೇರವಾಗಿ ಮೈಯೆಲ್ಲ ಸುತ್ತುವ ರಕ್ತವನ್ನು ಸೇರುತ್ತದೆ.

ಯಾವುದಕ್ಕೆ ದಾರಿ, ಯಾವುದಕ್ಕೆ ತಡೆ

ಚರ್ಮಕ್ಕೆ ತಾಗಿದ್ದರಲ್ಲಿ ನೂರಕ್ಕೆ ಅರವತ್ತು ಪಾಲು ರಕ್ತ ಸೇರುತ್ತದೆ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಅದು ತಪ್ಪು. ಎಲ್ಲಕ್ಕೂ ಹೊಂದುವ ಒಂದು ಅಂಕಿ ಇರಲು ಸಾಧ್ಯವೇ ಇಲ್ಲ. ಒಂದು ವಸ್ತು ಚೂರೂ ಇಳಿಯದಿರಬಹುದು, ಇನ್ನೊಂದು ಅರ್ಧಕ್ಕಿಂತ ಹೆಚ್ಚು ಇಳಿಯಬಹುದು.

ಮೊದಲು ನೋಡಬೇಕಾದ್ದು ಅಣುವಿನ ಗಾತ್ರ. ಅದನ್ನು ಡಾಲ್ಟನ್ ಎಂಬ ತೂಕದ ಮಾನದಲ್ಲಿ ಹೇಳುತ್ತಾರೆ. 500 ಡಾಲ್ಟನ್‌ಗಿಂತ ದೊಡ್ಡ ಅಣುಗಳು ಆರೋಗ್ಯವಂತ ಚರ್ಮವನ್ನು ದಾಟುವುದು ಕಷ್ಟ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ಮುಲಾಮಿನಂತೆ ತಿಕ್ಕಿಕೊಳ್ಳಲಾಗದೆ ಸೂಜಿ ಚುಚ್ಚಿಕೊಳ್ಳಬೇಕಾಗಿರುವುದು ಇದರಿಂದಲೇ. ಇನ್ಸುಲಿನ್ ಅಣು ಸುಮಾರು 5,800 ಡಾಲ್ಟನ್. ನಿಕೋಟಿನ್ ಬರೀ 162.

ಎರಡನೆಯದು ಜಿಡ್ಡಿನ ಸ್ನೇಹ. ಗಾರೆ ಜಿಡ್ಡಿನದಾದ್ದರಿಂದ ಜಿಡ್ಡಿನಲ್ಲಿ ಕರಗುವುದಕ್ಕೇ ದಾರಿ ಸಿಗುತ್ತದೆ. ಕೆಳಗಿನ ಪದರಗಳಲ್ಲಿ ನೀರಿನಂಶ ಹೆಚ್ಚಾದ್ದರಿಂದ ಅಲ್ಲಿ ಸಾಗಲು ನೀರಿನಲ್ಲೂ ತಕ್ಕಮಟ್ಟಿಗೆ ಕರಗಬೇಕು. ನಿಕೋಟಿನ್ ಎರಡರಲ್ಲೂ ಕರಗುತ್ತದೆ. ಅನೇಕ ಕೀಟನಾಶಕಗಳೂ ದ್ರಾವಕಗಳೂ ಇದೇ ಜಾತಿಯವು. ಕೀಟದ ಮೈಯ ಮೇಣದ ಹೊದಿಕೆಯನ್ನು ದಾಟಲಿ ಎಂದು ರೂಪಿಸಿದ ವಸ್ತು ನಮ್ಮ ಮೈಯ ಮೇಣವನ್ನೂ ದಾಟುತ್ತದೆ.

ನೀರಿನಲ್ಲಿ ಉಪ್ಪಿನಂತೆ ಕರಗಿರುವವು ಹಾಗಲ್ಲ. ಪಾವಗಡದ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಹಲ್ಲು ಮೂಳೆ ಕೆಡಿಸುವುದು ಕುಡಿದಾಗ, ಅದರಲ್ಲಿ ಸ್ನಾನ ಮಾಡಿದಾಗಲ್ಲ. ಸೀಸದ ಮಾತೂ ಇದೇ. ಬಣ್ಣದಲ್ಲಿ, ಕಳಪೆ ಕುಂಕುಮದಲ್ಲಿ ಬೆರೆತ ಸೀಸ ಹಣೆಯಿಂದ ಒಳಗಿಳಿಯುವುದು ಕಡಿಮೆ. ಕೈಗೆ ಹತ್ತಿ, ಕೈಯಿಂದ ಬಾಯಿಗೆ ಹೋಗುವುದೇ ಅದರ ಮುಖ್ಯ ದಾರಿ. ಅದೇ ಸೀಸವನ್ನು ಜಿಡ್ಡಿನಲ್ಲಿ ಕರಗುವ ರೂಪಕ್ಕೆ ತಿರುಗಿಸಿ ಹಿಂದೆ ಪೆಟ್ರೋಲಿಗೆ ಬೆರೆಸುತ್ತಿದ್ದರಲ್ಲ, ಆ ರೂಪದ ಸೀಸ ಚರ್ಮವನ್ನು ಸಲೀಸಾಗಿ ದಾಟುತ್ತಿತ್ತು.

ಈ ದಾರಿಯನ್ನು ವೈದ್ಯರು ಒಳ್ಳೆಯದಕ್ಕೂ ಬಳಸಿಕೊಂಡಿದ್ದಾರೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮರ್ರೆ ಜಾರ್ವಿಕ್ ಮತ್ತು ಜೆಡ್ ರೋಸ್ ಎಂಬ ವಿಜ್ಞಾನಿಗಳು ಹಸಿ ಹೊಗೆಸೊಪ್ಪಿನ ಕಾಯಿಲೆಯ ಸುದ್ದಿ ತಿಳಿದು ಕುತೂಹಲಗೊಂಡರು. ಬೇರೆಯವರ ಮೇಲೆ ಪ್ರಯೋಗಕ್ಕೆ ಅನುಮತಿ ಸಿಗಲಿಲ್ಲ. ತಮ್ಮ ಚರ್ಮದ ಮೇಲೇ ಹೊಗೆಸೊಪ್ಪು ಇಟ್ಟುಕೊಂಡು ಕಾದರು. ಎದೆಬಡಿತ ಏರಿತು. ಸಿಗರೇಟು ಬಿಡಲು ಇಂದು ತೋಳಿಗೆ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿ ಬೆಳೆದು ಬಂದ ಬಗೆ ಇದು. ಹೊಲದಲ್ಲಿ ವಾಂತಿ ಮಾಡಿಕೊಂಡ ಕೂಲಿಯವರ ಸಂಕಟದಿಂದ ಔಷಧಿ ಹುಟ್ಟಿತು. ಕೂಲಿಯವರಿಗೆ ಮಾತ್ರ ಮಳೆ, ಎಲೆ, ಒದ್ದೆ ಅಂಗಿ ಹಾಗೇ ಉಳಿದವು.

ಮುಂಗೈ ಬೇರೆ, ಹಣೆ ಬೇರೆ

ಮೈಯೆಲ್ಲ ಒಂದೇ ಚರ್ಮ ಎಂದುಕೊಳ್ಳುವುದು ಸಹಜ. ಕ್ಯಾಲಿಫೋರ್ನಿಯಾದ ಫೆಲ್ಡ್‌ಮನ್ ಮತ್ತು ಮೈಬಾಕ್ 1967ರಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನು ಅಳಿಸಿಹಾಕಿತು. ಗುರುತು ಹಿಡಿಯಲಾಗುವಂತೆ ಮಾಡಿದ ಹೈಡ್ರೊಕಾರ್ಟಿಸೋನ್ ಔಷಧಿಯನ್ನು ಮೈಯ ಬೇರೆ ಬೇರೆ ಕಡೆ ಹಚ್ಚಿ, ಮೂತ್ರದಲ್ಲಿ ಎಷ್ಟು ಬರುತ್ತದೆಂದು ಅಳೆದರು. ಮುಂಗೈಯಿಂದ ಇಳಿದದ್ದನ್ನು 1 ಎಂದಿಟ್ಟುಕೊಂಡರೆ ಹಣೆಯಿಂದ 6 ಪಟ್ಟು. ವೃಷಣಚೀಲದ ಚರ್ಮದಿಂದ 42 ಪಟ್ಟು.

ಮುಂದೆ ಮೈಬಾಕ್ ಮತ್ತು ಸಂಗಡಿಗರು ಪ್ಯಾರಾಥಿಯಾನ್ ಎಂಬ ಕೀಟನಾಶಕದ ಮೇಲೂ ಇಂಥದೇ ಲೆಕ್ಕ ತೆಗೆದರು. ಮುಂಗೈಗೆ ಹಚ್ಚಿದ್ದರಲ್ಲಿ ಒಳಗಿಳಿದದ್ದು ಹತ್ತನೇ ಒಂದು ಪಾಲಿಗಿಂತ ಕಡಿಮೆ. ಕಂಕುಳಿನಿಂದ ಮೂರರಲ್ಲಿ ಎರಡು ಪಾಲಿನ ಹತ್ತಿರ. ವೃಷಣಚೀಲದಿಂದ ಹೆಚ್ಚುಕಡಿಮೆ ಹಚ್ಚಿದ್ದಷ್ಟೂ. ದುಡಿದು ದಪ್ಪಗಟ್ಟಿದ ಅಂಗೈಯಾದರೂ ತಡೆದೀತು ಎಂದು ನಾವು ನಂಬುತ್ತೇವಲ್ಲ, ಈ ಕೀಟನಾಶಕದ ಮಟ್ಟಿಗೆ ಅಂಗೈ ಮುಂಗೈಗಿಂತ ಮೇಲೇನೂ ಆಗಲಿಲ್ಲ.

ಬೆನ್ನ ಮೇಲಿನ ಟ್ಯಾಂಕು

ಈ ಅಂಕಿಗಳನ್ನು ಕಣ್ಣ ಮುಂದಿಟ್ಟುಕೊಂಡು ನಮ್ಮ ಯಾವುದೇ ಹೊಲದ ಬದುವಿನಲ್ಲಿ ನಿಂತು ನೋಡಬೇಕು. ಹಳೆ ಮೈಸೂರಿನ ಕಡೆ ಔಷಧಿ ಹೊಡೆಯುವುದು ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ಎಣ್ಣೆ ಹೊಡೆಯುವುದು. ಔಷಧಿ, ಎಣ್ಣೆ ಎರಡೂ ಮೈಗೆ ಹಿತವಾದ ಹೆಸರುಗಳು. ಮೈಗೆ ತಾಗಿದರೆ ಏನಾದೀತು ಎಂಬ ಭಯ ಆ ಹೆಸರುಗಳಲ್ಲೇ ಕರಗಿಹೋಗುತ್ತದೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಬಾಟಲಿಯ ಮುಚ್ಚಳ ತೆಗೆದು ಅಳೆದು ಬಕೆಟ್ಟಿಗೆ ಸುರಿಯುವ ಗಳಿಗೆಯೇ ಅತ್ಯಂತ ಅಪಾಯದ್ದು, ಏಕೆಂದರೆ ಆಗ ವಿಷ ನೀರಾಗಿಲ್ಲ. ಕಡ್ಡಿ ಸಿಗದಿದ್ದರೆ ಬರಿಗೈಯಲ್ಲೇ ಕಲಕುವುದುಂಟು. ನೀರು ಹೊತ್ತು ತಂದು ಬೆರೆಸಿಕೊಡುವವರು ಬಹಳ ಕಡೆ ಮನೆಯ ಹೆಂಗಸರು. ಆಮೇಲೆ ಹದಿನಾರು ಲೀಟರಿನ ಟ್ಯಾಂಕು ಬೆನ್ನಿಗೇರುತ್ತದೆ. ಮುಚ್ಚಳ ಸಡಿಲವಿದ್ದರೆ, ವಾಷರ್ ಹೋಗಿದ್ದರೆ, ದ್ರಾವಣ ಸೋರಿ ಬೆನ್ನಿನ ಬುಡಕ್ಕೆ, ಅಲ್ಲಿಂದ ಚಡ್ಡಿಗೆ, ತೊಡೆಸಂದಿಗೆ ಇಳಿಯುತ್ತದೆ. ಮೂಗಿಗೆ ಟವೆಲ್ ಬಿಗಿದುಕೊಂಡ ರೈತ ತನ್ನ ಮೈಯ ಅತ್ಯಂತ ತೆಳುವಾದ ಬಾಗಿಲನ್ನು ಗಂಟೆಗಟ್ಟಲೆ ವಿಷದಲ್ಲಿ ನೆನೆಸಿಕೊಂಡು ನಡೆಯುತ್ತಾನೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಯವರು ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಆ ವರ್ಷ ಹತ್ತಿ ಗಿಡಗಳು ಆಳೆತ್ತರ ಬೆಳೆದಿದ್ದವು. ಕೊಳವೆಯನ್ನು ಮೇಲಕ್ಕೆತ್ತಿ ಹೊಡೆದದ್ದು ಮಂಜಿನಂತೆ ಅವರ ಮುಖ, ಕತ್ತು, ಎದೆಯ ಮೇಲೇ ಇಳಿಯಿತು. ಉಸಿರಿನಿಂದಲೂ ಹೋಗಿರುತ್ತದೆ, ಚರ್ಮದಿಂದಲೂ ಹೋಗಿರುತ್ತದೆ.

ಆರ್ಗನೊಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳು ಒಳಗೆ ಹೋಗಿ ಮಾಡುವುದು ಒಂದೇ ಕೆಲಸ. ನರದಿಂದ ಸ್ನಾಯುವಿಗೆ, ಗ್ರಂಥಿಗೆ ಸಂದೇಶ ಮುಟ್ಟಿದ ಮೇಲೆ ಆ ಸಂದೇಶವನ್ನು ಅಳಿಸುವ ಕಿಣ್ವವೊಂದಿದೆ, ಅದನ್ನು ಕಟ್ಟಿಹಾಕುತ್ತವೆ. ಸಂದೇಶ ನಿಲ್ಲುವುದೇ ಇಲ್ಲ. ಬೆವರು, ಜೊಲ್ಲು, ಕಣ್ಣೀರು ಒಂದೇ ಸಮ ಸುರಿಯುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ ನೋಟ ಮಂಜಾಗುತ್ತದೆ. ವಾಂತಿ, ಹೊಟ್ಟೆನುಲಿತ, ಸ್ನಾಯುಗಳ ಅದುರು, ಕೊನೆಗೆ ಉಸಿರಾಟದ ತೊಂದರೆ. ಔಷಧಿ ಹೊಡೆದು ಬಂದವರಲ್ಲಿ ಇವು ಕಂಡರೆ ಬಟ್ಟೆಯನ್ನೆಲ್ಲ ಬಿಚ್ಚಿಸಿ, ಕೂದಲೂ ಸೇರಿ ಮೈಯನ್ನು ಸೋಪು ನೀರಿನಿಂದ ತೊಳೆಸಿ, ಬಾಟಲಿಯ ಚೀಟಿಯ ಸಮೇತ ಆಸ್ಪತ್ರೆಗೆ ಒಯ್ಯಬೇಕು. ಚೀಟಿ ಸಿಕ್ಕಿದರೆ ವೈದ್ಯರ ಅರ್ಧ ಗಂಟೆ ಉಳಿಯುತ್ತದೆ.

ಆ ಚೀಟಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ತ್ರಿಕೋನ ಎಲ್ಲರೂ ನೋಡಿರುವುದೇ. 1971ರ ಕೀಟನಾಶಕ ನಿಯಮಗಳಲ್ಲಿ ಈ ಬಣ್ಣಗಳನ್ನು ಹಂಚಲು ಎರಡು ಅಳತೆಗಳಿವೆ: ಪ್ರಾಣಿಗಳಲ್ಲಿ ಬಾಯಿಯ ಮೂಲಕ ಕೊಂದ ಪ್ರಮಾಣ, ಚರ್ಮದ ಮೂಲಕ ಕೊಂದ ಪ್ರಮಾಣ. ಕೆಂಪು ತ್ರಿಕೋನಕ್ಕೆ ಚರ್ಮದ ಲೆಕ್ಕ ಮೈತೂಕದ ಕಿಲೋಗೆ 1ರಿಂದ 200 ಮಿಲಿಗ್ರಾಂ. ಅಂದರೆ ಚರ್ಮದಿಂದಲೂ ಸಾವು ಬರುತ್ತದೆಂದು ಸರ್ಕಾರಕ್ಕೆ ಐವತ್ತು ವರ್ಷಗಳಿಂದ ಗೊತ್ತು. ಟ್ಯಾಂಕು ಹೊರುವವನಿಗೆ ಅದನ್ನು ಅವನ ಮಾತಿನಲ್ಲಿ, ಅಂಗಡಿಯ ಕಟ್ಟೆಯ ಮೇಲೆ, ಬಾಟಲಿ ಕೈಗಿಡುವಾಗ ಹೇಳುವವರು ಎಷ್ಟು ಜನ?

ಬಿಸಿ, ಬೆವರು, ಒದ್ದೆ ಬಟ್ಟೆ

ಅದೇ ವಸ್ತು, ಅದೇ ಚರ್ಮ, ಆದರೂ ಬೇಸಿಗೆಯಲ್ಲಿ ಹೆಚ್ಚು ಇಳಿಯುತ್ತದೆ. ಬಿಸಿಗೆ ಚರ್ಮದ ರಕ್ತನಾಳಗಳು ಅಗಲವಾಗಿ, ಕೆಳಗೆ ಬಂದದ್ದನ್ನು ಬೇಗ ಒಯ್ಯುತ್ತವೆ. ಗಾರೆ ಮೆದುವಾಗುತ್ತದೆ. ಬೆವರಿನಿಂದಲೋ ಮಳೆಯಿಂದಲೋ ನೆಂದ ಮೇಲ್ಪದರ ಉಬ್ಬಿ ಸಡಿಲವಾಗುತ್ತದೆ. ಅಮೆರಿಕದಲ್ಲಿ ಕ್ಲೋರಿನ್ ಬೆರೆಸಿದ ನಲ್ಲಿ ನೀರಿನ ತೊಟ್ಟಿಯಲ್ಲಿ ಕೆಲವರನ್ನು ಕೂರಿಸಿ, ಮೂಗಿಗೆ ಬೇರೆ ಶುದ್ಧ ಗಾಳಿ ಕೊಟ್ಟು, ನೀರಿನಲ್ಲಿದ್ದ ಅಲ್ಪ ಕ್ಲೋರೋಫಾರ್ಮ್ ಚರ್ಮದಿಂದ ಎಷ್ಟು ಒಳಹೋಗುತ್ತದೆಂದು ಅವರ ಉಸಿರಿನಲ್ಲಿ ಅಳೆದಿದ್ದರು. ನೀರು 30 ಡಿಗ್ರಿಯಿಂದ 40 ಡಿಗ್ರಿಗೆ ಏರಿದಾಗ ಉಸಿರಿನಲ್ಲಿ ಬಂದ ಕ್ಲೋರೋಫಾರ್ಮ್ ಸುಮಾರು 30 ಪಟ್ಟಾಯಿತು. ಸ್ನಾನಕ್ಕೆ ಹೆದರಬೇಕಾಗಿಲ್ಲ, ಆ ಪ್ರಮಾಣ ಸಣ್ಣದು. ನಡು ಮಧ್ಯಾಹ್ನ ಔಷಧಿ ಹೊಡೆಯಬೇಡಿ ಎಂಬ ಸಲಹೆ ಮಾತ್ರ ಬರೀ ಬಿಸಿಲಿನ ಆಯಾಸದ ಮಾತಲ್ಲ.

ಬಟ್ಟೆಯ ಕಥೆಯನ್ನು 1933ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಪ್ರಕರಣ ಹೇಳುವಷ್ಟು ಚೆನ್ನಾಗಿ ಬೇರೇನೂ ಹೇಳಲಾರದು. ಆಗ ನಿಕೋಟಿನ್ ದ್ರಾವಣವನ್ನೇ ಕೀಟನಾಶಕವಾಗಿ ಮಾರುತ್ತಿದ್ದರು. ಹೂವಿನ ವ್ಯಾಪಾರಿಯೊಬ್ಬ ಅದು ಚೆಲ್ಲಿದ್ದ ಕುರ್ಚಿಯ ಮೇಲೆ ಕೂತ. ಕಾಲು ಗಂಟೆಯಲ್ಲಿ ಹೊಟ್ಟೆ ತೊಳಸಿ, ಕುಸಿದು ಆಸ್ಪತ್ರೆ ಸೇರಿದ. ಕೆಲವು ದಿನಗಳಲ್ಲಿ ಚೇತರಿಸಿಕೊಂಡ. ಮನೆಗೆ ಹೊರಡುವಾಗ ಕಾಗದದ ಚೀಲದಲ್ಲಿ ಕಟ್ಟಿಟ್ಟಿದ್ದ ಅವನದೇ ಬಟ್ಟೆ ಕೊಟ್ಟರು. ತೊಟ್ಟುಕೊಂಡ. ಗಂಟೆಯೊಳಗೆ ಮತ್ತೆ ಹಾಸಿಗೆ ಹಿಡಿದ.

ಹೊಲದಿಂದ ಬಂದ ಅಂಗಿಯನ್ನು ಮನೆಮಂದಿಯ ಬಟ್ಟೆಯೊಡನೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕುವ ಮನೆಗಳು ಎಷ್ಟಿಲ್ಲ! ಒಗೆಯುವವರ ಕೈಯೂ ಚರ್ಮವೇ.

ಕೈಗವಸು ದಾಟಿದ ಹನಿ

ಗೊತ್ತಿದ್ದವರೂ ಸೋತದ್ದುಂಟು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಕ್ಯಾರನ್ ವೆಟ್ಟರ್‌ಹಾನ್ ವಿಷಲೋಹಗಳ ಬಗ್ಗೆಯೇ ಸಂಶೋಧನೆ ಮಾಡಿದವರು. 1996ರ ಆಗಸ್ಟ್ 14ರಂದು ಪ್ರಯೋಗಾಲಯದಲ್ಲಿ ಡೈಮೀಥೈಲ್ ಮರ್ಕ್ಯುರಿಯ ಒಂದೆರಡು ಹನಿ ಅವರ ಕೈಗವಸಿನ ಮೇಲೆ ಬಿತ್ತು. ಲೇಟೆಕ್ಸ್ ಕೈಗವಸು, ಆಗ ಎಲ್ಲರೂ ಹಾಕಿಕೊಳ್ಳುತ್ತಿದ್ದುದೇ. ಅವರು ನಿಯಮದಂತೆ ತೆಗೆದು, ಕೈ ತೊಳೆದರು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ನಡಿಗೆ ತೂರಾಡಿತು, ಮಾತು ತೊದಲಿತು. 1997ರ ಜೂನ್ 8ರಂದು ಅವರು ತೀರಿಕೊಂಡರು. ನಂತರ ಪರೀಕ್ಷಿಸಿದಾಗ ಆ ದ್ರವ ಲೇಟೆಕ್ಸನ್ನು 15 ಸೆಕೆಂಡಿನೊಳಗೆ ದಾಟುತ್ತದೆಂದು ಗೊತ್ತಾಯಿತು.

ಅಂಥ ಭಯಂಕರ ವಸ್ತು ನಮ್ಮ ಬೀದಿಯಲ್ಲಿ ಸಿಗುವುದಿಲ್ಲ. ಆದರೆ ತೆಳು ರಬ್ಬರು ಎಲ್ಲವನ್ನೂ ತಡೆಯುವುದಿಲ್ಲ ಎಂಬ ಪಾಠ ಬೀದಿಗೂ ಬೇಕು. ಗ್ಯಾರೇಜಿನ ಹುಡುಗರು ಗ್ರೀಸು ಹೋಗಲೆಂದು ಪೆಟ್ರೋಲಿನಲ್ಲಿ ಕೈ ತೊಳೆಯುತ್ತಾರೆ, ಪೇಂಟರುಗಳು ಥಿನ್ನರಿನಲ್ಲಿ. ಇವು ತಾವು ಒಳಗಿಳಿಯುವುದಲ್ಲದೆ ಗಾರೆಯನ್ನೇ ಕರಗಿಸಿ ತೊಳೆದುಬಿಡುತ್ತವೆ. ಬೆಳ್ಳಗೆ ಒಣಗಿ ಬಿರಿದ ಆ ಕೈ ಮುಂದೆ ಮುಟ್ಟುವ ಪ್ರತಿಯೊಂದಕ್ಕೂ ತೆರೆದ ಬಾಗಿಲು. ಅಡುಗೆ ಎಣ್ಣೆ ಹಚ್ಚಿ ತಿಕ್ಕಿ ಸೋಪಿನಲ್ಲಿ ತೊಳೆದರೂ ಗ್ರೀಸು ಹೋಗುತ್ತದೆ, ಸ್ವಲ್ಪ ತಡವಾಗಿ.

ಬೇಕೆಂದೇ ಹಚ್ಚಿಕೊಂಡದ್ದು

1972ರಲ್ಲಿ ಫ್ರಾನ್ಸಿನಲ್ಲಿ ಕೂಸುಗಳಿಗೆ ಹಾಕುವ ಟಾಲ್ಕಂ ಪುಡಿಗೆ ಹೆಕ್ಸಾಕ್ಲೋರೋಫೀನ್ ಎಂಬ ಕ್ರಿಮಿನಾಶಕ ತಪ್ಪಿನಿಂದ ಶೇಕಡಾ 6ರಷ್ಟು ಸೇರಿಹೋಯಿತು. 36 ಮಕ್ಕಳು ಸತ್ತರು. ಒದ್ದೆ ಲಂಗೋಟಿಯ ಕೆಳಗೆ ಕೆಂಪಾಗಿ ಬೆಂದ ಚರ್ಮ, ಮೇಲೆ ಗಾಳಿಯಾಡದ ಕಟ್ಟು. ಜೊತೆಗೆ ಕೂಸಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರಿಗಿಂತ ಬಹಳ ಹೆಚ್ಚು.

ತೀರಾ ಈಚಿನದು ನಮ್ಮ ಪಕ್ಕದ್ದು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ಮೂತ್ರಪಿಂಡ ವೈದ್ಯರು 2021ರಿಂದ 2023ರ ನಡುವೆ ಅಪರೂಪದ ಮೂತ್ರಪಿಂಡ ಕಾಯಿಲೆಯೊಂದನ್ನು ಮತ್ತೆ ಮತ್ತೆ ಕಂಡರು. ಅಂಥ 15 ಮಂದಿಯಲ್ಲಿ 13 ಮಂದಿ ಚರ್ಮ ಬಿಳುಪಾಗಿಸುವ ಕ್ರೀಮು ಹಚ್ಚುತ್ತಿದ್ದವರು. ಅಪರಾಧಿ ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ತಡೆಯುತ್ತದೆಂದು ಅದನ್ನು ಸೇರಿಸುತ್ತಾರೆ. ಅದು ಚರ್ಮದಲ್ಲೇ ನಿಲ್ಲದೆ ಮೂತ್ರಪಿಂಡದವರೆಗೆ ಹೋಗುತ್ತದೆ. ತಯಾರಕರ ಹೆಸರು, ಒಳಗೇನಿದೆಯೆಂಬ ವಿವರ ಇಲ್ಲದ ಡಬ್ಬಿಯನ್ನು ಕೊಳ್ಳಬಾರದು. ಕಪ್ಪು ಎಂಬ ಮಾತು ಕೇಳಿ ಬೆಳೆದ ಹುಡುಗಿಯರಿಗೆ ಈ ಎಚ್ಚರಿಕೆಯಷ್ಟೇ ಸಾಲದೆಂಬುದೂ ನನಗೆ ಗೊತ್ತು.

ತೊಳೆಯುವ ಹೊತ್ತು

ಮೇಲ್ಪದರ ದಾಟಲು ಸಮಯ ಬೇಕು. ನಿಮಿಷಗಳೋ ಗಂಟೆಗಳೋ, ವಸ್ತುವಿನ ಮೇಲೆ ಹೋಗುತ್ತದೆ. ನಮ್ಮ ಕೈಯಲ್ಲಿರುವುದು ಆ ಹೊತ್ತೊಂದೇ. ಸಂಜೆ ಮನೆಗೆ ಹೋಗಿ ಸ್ನಾನ ಮಾಡಿದರಾಯಿತು ಎನ್ನುವಷ್ಟರಲ್ಲಿ ಇಳಿಯಬೇಕಾದ್ದು ಇಳಿದಿರುತ್ತದೆ. ತಾಗಿದ ತಕ್ಷಣ ಸೋಪು, ಧಾರಾಳ ತಣ್ಣೀರು, ಮೆತ್ತಗಿನ ಕೈ ಸಾಕು. ತೆಂಗಿನ ನಾರಿನಿಂದ ಗಸಗಸ ಉಜ್ಜಿದರೆ, ಬಿಸಿನೀರು ಸುರಿದರೆ ಚರ್ಮ ಗೀಚಿ, ಕೆಂಪಾಗಿ, ಇನ್ನಷ್ಟು ಒಳಗೆಳೆದುಕೊಳ್ಳುತ್ತದೆ. ತೊಳೆದ ಮೇಲೂ ಸ್ವಲ್ಪ ಭಾಗ ಗಾರೆಯಲ್ಲಿ ಶೇಖರವಾಗಿ ಕೂತು, ದಿನಗಟ್ಟಲೆ ನಿಧಾನವಾಗಿ ಇಳಿಯುತ್ತಿರಬಹುದು.

ಅಮೆರಿಕದ ಹೊಗೆಸೊಪ್ಪಿನ ಕೂಲಿಯವರಿಗೆ ಅಲ್ಲಿನ ಆರೋಗ್ಯ ಇಲಾಖೆಗಳು ಹೇಳುವುದು ಸರಳ: ಇಬ್ಬನಿ ಆರಿದ ಮೇಲೆ ಹೊಲಕ್ಕಿಳಿಯಿರಿ, ನೀರು ಇಳಿಯದ ಅಂಗಿ ಕೈಗವಸು ತೊಡಿ, ಬಟ್ಟೆ ಒದ್ದೆಯಾದರೆ ಬದಲಿಸಿ. ಹುಣಸೂರಿನ ಬೆಳೆ ಮಳೆಗಾಲದ್ದು. ಮಾಗಿದ ಎಲೆ ಬಿಸಿಲು ಬರಲೆಂದು ಕಾಯುವುದಿಲ್ಲ. ಎಲೆ ಒಣಗಿಸುವ ಬ್ಯಾರನ್ ತುಂಬಬೇಕಾದ ದಿನ ತುಂಬಲೇಬೇಕು. ಹಾಗಾಗಿ ಆ ಮೂರು ಮಾತುಗಳಲ್ಲಿ ಮೊದಲನೆಯದು ಇಲ್ಲಿ ನಡೆಯುವುದು ಕಷ್ಟ. ಎರಡನೆಯದಕ್ಕೆ ಒಂದು ಪ್ಲಾಸ್ಟಿಕ್ ಮಳೆಯಂಗಿ, ಒಂದು ಜೊತೆ ದಪ್ಪ ಕೈಗವಸು ಬೇಕು. ಮೂರನೆಯದಕ್ಕೆ ಒಂದು ಒಣ ರವಿಕೆ, ಒಂದು ಬಿಂದಿಗೆ ನೀರು, ಸೋಪು, ಮತ್ತು ಹೊಲದ ಅಂಚಿನಲ್ಲಿ ಹೆಂಗಸೊಬ್ಬಳು ಬಟ್ಟೆ ಬದಲಿಸಿಕೊಳ್ಳುವಷ್ಟು ಒಂದು ಮರೆ.